ಮಗಳಿಗೆ ನವೋದಯವೋ, ಪೇಟೆಯ ಇಂಗ್ಲಿಷ್ ಮೀಡಿಯಮ್ಮೋ?

ಸರ್, ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸು ಓದುತ್ತಿರುವ ಮಗಳಿಗೆ ಕೇಂದ್ರ ಸರ್ಕಾರದ ನವೋದಯ ಶಾಲೆಯ ಪ್ರವೇಶ ಪರೀಕ್ಷೆ ಬರೆಸಲೋ, ಈಗಲೇ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಲೋ ಎಂದು ಕೇಳಿದ್ದೀರಿ. ದಯವಿಟ್ಟು ಬರೆಸಿ. ಆರನೇ ಕ್ಲಾಸಿನ ಪ್ರವೇಶಕ್ಕೆ ಇರುವುದು ಒಂದೇ ಅವಕಾಶ, ಮುಂದಿನ ವರ್ಷ ನೋಡೋಣ ಎನ್ನುವ ಹಾಗಿಲ್ಲ. ಕನ್ನಡದಲ್ಲೇ ಬರೆಯಬಹುದು. ಒಟ್ಟು 80 ಪ್ರಶ್ನೆ, ಅದರಲ್ಲಿ 40 ಆಕೃತಿಗಳ ಮೇಲೆ. ಲೆಕ್ಕದಲ್ಲಿ ಚುರುಕಾದ ಮಕ್ಕಳೂ ಎಡವುವುದು ಇಲ್ಲೇ: ಮಡಚಿ ತೂತು ಮಾಡಿದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತದೆ ಎಂಬಂಥವು. ಹಳೆ ನೋಟ್‌ಬುಕ್ಕಿನ ಹಾಳೆ ಮಡಚಿ, ಕತ್ತರಿಸಿ ದಿನಾ ಆಡಿಸಿ. ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗಿದೆ, ಆದರೆ ಮೂರರಿಂದ ಐದರವರೆಗೆ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಹಾಗಾಗಿ ವರ್ಷದ ನಡುವೆ ಶಾಲೆ ಬಿಡಿಸಲೇಬೇಡಿ. ಇನ್ನು, ನವೋದಯ ಹಾಸ್ಟೆಲ್ ಶಾಲೆ. ಇರುತ್ತೀಯಾ ಎಂದು ಮಗಳನ್ನೇ ಕೂರಿಸಿಕೊಂಡು ಕೇಳಿ. ಅತ್ತರೆ ಬಲವಂತ ಮಾಡಬೇಡಿ.