ಸಂಪಾದಕರ ಉತ್ತರ: ಅಕ್ಕೋರೆ, ಲೈಬ್ರರಿ ಇರುವುದು ಬೇಸಿಗೆ ರಜೆಗಲ್ಲ

ಸಿಂಧನೂರು ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಬರೆದಿದ್ದಾರೆ:

“ನಿಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಲೈಬ್ರರಿ ಬಗ್ಗೆ ಬರೆಯುತ್ತೀರಿ. ನಮಗೆ ಸಿಲಬಸ್ ಮುಗಿಸುವುದೇ ದೊಡ್ಡ ಕೆಲಸ. ದಾಖಲಾತಿ, ತರಬೇತಿ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ನಡುವೆ ಬಿಸಿಯೂಟದ ಲೆಕ್ಕ. ಮಕ್ಕಳನ್ನು ಪಂಚಾಯ್ತಿ ಲೈಬ್ರರಿಗೆ ಕರ್ಕೊಂಡು ಹೋದರೆ ಒಂದು ಪಿರಿಯಡ್ ಹೋಯ್ತು ಅಂತಲೇ ಅರ್ಥ. ಅಲ್ಲಿ ಇರುವುದು ಪೇಪರು, ಪರೀಕ್ಷೆ ಗೈಡು. ನಮ್ಮ ಶಾಲೆಯ ಅಲ್ಮಾರಿಯಲ್ಲೂ ಪುಸ್ತಕ ಇವೆ, ಬೀಗದ ಕೈ ಹೆಡ್ ಮಾಸ್ತರ್ ಹತ್ತಿರ ಇದೆ. ಪುಸ್ತಕ ಕಳೆದರೆ ದುಡ್ಡು ಕಟ್ಟುವವರು ಯಾರು? ಲೈಬ್ರರಿ ಬೇಸಿಗೆ ರಜೆಗೆ ಸರಿ. ಶಾಲೆ ನಡೆಯುವಾಗ ನಮಗೆ ಅದರಿಂದ ಏನು ಉಪಯೋಗ?”

ಅಕ್ಕೋರೆ,

ನಮ್ಮ ಕಡೆ ಮಕ್ಕಳು ನಿಮ್ಮನ್ನು ಹೀಗೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕೆಲಸದ ಹೊರೆ ಬಗ್ಗೆ ನೀವು ಬರೆದದ್ದೆಲ್ಲ ನಿಜ. ಮೂರು ಕ್ಲಾಸಿಗೆ ಒಬ್ಬರೇ ಟೀಚರ್ ಇರುವ ಶಾಲೆಗಳನ್ನು ನಾನೂ ನೋಡಿದ್ದೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ಬೇಸಿಗೆ ರಜೆಗೆ ಸರಿ’ ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಅರ್ಧ ಮಕ್ಕಳು ಸೋದರಮಾವನ ಊರಲ್ಲಿರುತ್ತಾರೆ. ಉಳಿದವರು ಬೇವಿನ ಮರದ ಕೆಳಗೆ. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ, ಕರೆಂಟ್ ಹೋದ ಕೋಣೆಯಲ್ಲಿ ಕೂತು ಓದಿ ಅಂದರೆ ಯಾವ ಮಗು ಓದುತ್ತದೆ? ಲೈಬ್ರರಿಯ ನಿಜವಾದ ಕೆಲಸ ಶುರುವಾಗುವುದು ನಿಮ್ಮ ಶಾಲೆಯ ಗಂಟೆ ಹೊಡೆದ ದಿನ.

ಒಂದು ಸಂಗತಿ ಹೇಳುತ್ತೇನೆ. 2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತಲ್ಲ, ಆ ವಾರ ನಿಮ್ಮೂರಲ್ಲೂ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಕ್ಕಿಲ್ಲ. ಎರಡನೇ ಬೆಳೆಗೆ ನೀರು ಉಳಿಯುತ್ತೋ ಇಲ್ಲವೋ ಅನ್ನುವ ಚಿಂತೆ. ಆಗ ನಾನು ಗಂಗಾವತಿ ತಾಲೂಕಿನ ಒಂದು ಶಾಲೆಗೆ ಹೋಗಿದ್ದೆ. ಏಳನೇ ಕ್ಲಾಸಿನ ಮಾಸ್ತರರ ಟೇಬಲ್ ಮೇಲೆ ಒಂದು ವಾರದ ಪೇಪರ್ ಕಟ್ಟು ಇತ್ತು, ಸುತ್ತ ಸೆಣಬಿನ ದಾರ. ಹಿಂದಿನ ಸಂಜೆ ಮನೆಗೆ ಹೋಗುವಾಗ ಪಂಚಾಯ್ತಿ ಲೈಬ್ರರಿಯಿಂದ ತಂದಿದ್ದರು. ಮೇಲ್ವಿಚಾರಕಿ ಆ ತಾಯಿ ಭಾನುವಾರದಿಂದಲೇ ಪೇಪರ್ ಎತ್ತಿಟ್ಟಿದ್ದರಂತೆ. “ಮಾಸ್ತರ್ರು ಕೇಳೇ ಕೇಳ್ತಾರ ಅಂತ ಗೊತ್ತಿತ್ರಿ” ಅಂದರಂತೆ.

ಕ್ಲಾಸಿನಲ್ಲಿ ಏನಾಯ್ತು ಅಂತ ನೋಡಿ. ಡ್ಯಾಮಿಗೆ 33 ಗೇಟು, ಅದರಲ್ಲಿ ಒಂದು ಹೋಯಿತು. ಕ್ಯೂಸೆಕ್ ಅಂದರೆ ಏನು ಅಂತ ಮಾಸ್ತರರು ಕೇಳಿದರು. ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಹಿಂದಿನ ಬೆಂಚಿನ ಒಬ್ಬ ಹುಡುಗ ಬೆರಳು ಮಡಚಿ ಲೆಕ್ಕ ಹಾಕಿ, “ಎರಡು ಕೊಡ ರೀ ಸರ್” ಅಂದ. ಪೇಪರಿನಲ್ಲಿ ಇದ್ದದ್ದು ಸಾವಿರಾರು ಕ್ಯೂಸೆಕ್. ಇಡೀ ಕ್ಲಾಸು ಕೊಡಗಳನ್ನು ಗುಣಿಸತೊಡಗಿತು. ಇನ್ನೊಂದು ಗುಂಪು ಸ್ಟಾಪ್‌ಲಾಗ್, ಅಂದರೆ ಹೋದ ಗೇಟಿನ ಜಾಗ ಮುಚ್ಚಲು ಇಳಿಸಿದ ತಡೆಯ ಚಿತ್ರ ಬರೆಯಿತು. ಹರಿಯುವ ನೀರಿನಲ್ಲೇ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದ್ದು ಹೇಗೆ ಅಂತ ಬಾಣದ ಗುರುತು ಹಾಕಿ ತೋರಿಸಿತು. ಒಂದೇ ಪಿರಿಯಡ್ಡಿನಲ್ಲಿ ಗಣಿತ ಆಯ್ತು, ವಿಜ್ಞಾನ ಆಯ್ತು, ಗಟ್ಟಿಯಾಗಿ ಕನ್ನಡ ಓದುವುದೂ ಆಯ್ತು. ಮಕ್ಕಳು ಲೈಬ್ರರಿಗೆ ಹೋಗಲಿಲ್ಲ ಅಕ್ಕೋರೆ. ಲೈಬ್ರರಿಯೇ ಕ್ಲಾಸಿಗೆ ಬಂತು.

ಇದು ಹೊಸ ಉಪಾಯವೇನೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರ ಕಾಲಕ್ಕೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುತ್ತಿದ್ದರು. ಓದಿ ಮುಗಿಸಿದ ಮೇಲೆ ಪೆಟ್ಟಿಗೆ ವಾಪಸ್. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೇ ಲೈಬ್ರರಿ ಆಯಿತು. ಅದರ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಆಗಸ್ಟ್ 12, ಅವರು ಹುಟ್ಟಿದ ದಿನವನ್ನೇ ನಾವು ಗ್ರಂಥಪಾಲಕರ ದಿನ ಅಂತ ಆಚರಿಸುತ್ತೇವೆ.

ರಂಗನಾಥನ್ ಅವರ ಒಂದು ವಿಷಯ ನಿಮಗೆ ಹೇಳಲೇಬೇಕು, ಯಾಕಂದರೆ ಅವರು ನಿಮ್ಮ ಹಾಗೆ ಮೇಷ್ಟ್ರು. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಆ ಕೆಲಸ ಅವರಿಗೆ ಒಗ್ಗಲೇ ಇಲ್ಲ. ವಾಪಸ್ ಕಾಲೇಜಿಗೆ ಕಳಿಸಿ, ಮಕ್ಕಳಿಗೆ ಪಾಠ ಮಾಡುತ್ತೇನೆ ಅಂತ ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಬಾ, ಆಮೇಲೂ ಬೇಡ ಅನಿಸಿದರೆ ನೋಡೋಣ ಅಂತ ಮೇಲಿನವರು ಅಂದರು. ಅಲ್ಲಿಯ ಸಾರ್ವಜನಿಕ ಲೈಬ್ರರಿಗಳನ್ನು, ಕ್ರಾಯ್ಡನ್ನಿನಂಥ ಕಡೆ ಮಕ್ಕಳೂ ದೊಡ್ಡವರೂ ಬಂದು ಓದುವುದನ್ನು ನೋಡಿ ಬಂದವರು ಮತ್ತೆ ಆ ಮಾತು ಎತ್ತಲಿಲ್ಲ. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು: ಪುಸ್ತಕಗಳಿರುವುದು ಬಳಸುವುದಕ್ಕೆ. ನಿಮ್ಮ ಶಾಲೆಯ ಅಲ್ಮಾರಿಯ ಬೀಗದ ವಿಷಯ ಓದುವಾಗ ನನಗೆ ಮೊದಲು ನೆನಪಾಗಿದ್ದು ಇದೇ. ನಾಲ್ಕನೆಯದು ನಿಮ್ಮ ಪರವಾಗಿಯೇ ಇದೆ: ಓದುಗರ ಸಮಯ ಉಳಿಸಿ. ಲೈಬ್ರರಿಯವರು ಶಿಕ್ಷಕರ ಸಮಯ ಉಳಿಸಬೇಕು, ತಿನ್ನಬಾರದು.

ನಾನು ಓದಿದ್ದು ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ. ಅಪ್ಪ ಹತ್ತಿ ಜಿನ್ನಿಂಗ್‌ನಲ್ಲಿ ಕೂಲಿ. ಮನೆಯಲ್ಲಿ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕ ಇರಲಿಲ್ಲ. ನಮ್ಮ ಕನ್ನಡದ ಮಾಸ್ತರರು ಬಳ್ಳಾರಿಯಿಂದ ಬಸ್ಸಿಗೆ ಬರುತ್ತಿದ್ದರು. ವಾರಕ್ಕೊಮ್ಮೆ ಅವರ ಖಾದಿ ಕೈಚೀಲದಲ್ಲಿ ಲೈಬ್ರರಿಯ ನಾಲ್ಕು ಪುಸ್ತಕ ಇರುತ್ತಿದ್ದವು. ಪುಸ್ತಕದ ಹಿಂದೆ ಅಂಟಿಸಿದ ಚೀಟಿಯಲ್ಲಿ ನೇರಳೆ ಶಾಯಿಯ ತಾರೀಖುಗಳು. ಪಾಠಕ್ಕೆ ಮೊದಲು ಹತ್ತು ನಿಮಿಷ ಓದಿ ಹೇಳುತ್ತಿದ್ದರು. ಸರಿಯಾದ ಜಾಗಕ್ಕೆ ಬಂದಾಗ ಪಟ್ಟನೆ ಮುಚ್ಚಿ, “ಮುಂದೇನಾಯ್ತು ಅಂತ ಬೇಕಾದವರು ತಗೊಂಡು ಓದ್ರಿ” ಅನ್ನುತ್ತಿದ್ದರು. ಪುಸ್ತಕ ಒಂದು, ಬೇಕಾದವರು ಹನ್ನೆರಡು ಜನ. ನಾವು ಪಾಳಿ ಹಚ್ಚಿ ಓದುತ್ತಿದ್ದೆವು. ಇವತ್ತು ಈ ಕುರ್ಚಿಯಲ್ಲಿ ಕೂತು ನಿಮಗೆ ಉತ್ತರ ಬರೆಯುತ್ತಿದ್ದೇನೆ ಅಂದರೆ ಆ ಕೈಚೀಲ ಕಾರಣ. ಆ ಮಾಸ್ತರರಿಗೂ ಸಿಲಬಸ್ ಇತ್ತು.

ನೀವು ಸಿಂಧನೂರಿನವರು. ಮಸ್ಕಿ ನಿಮಗೆ ಬಸ್ಸಿನಲ್ಲಿ ಒಂದು ತಾಸೂ ಇಲ್ಲ. ಮೌರ್ಯರ ಪಾಠ ಬಂದಾಗ ಏನು ಮಾಡುತ್ತೀರಿ? ಶಾಸನಗಳಲ್ಲಿ ಬರುವ ದೇವಾನಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿ ಮಾಡಿದ ಶಾಸನ 1915ರಲ್ಲಿ ಸಿಕ್ಕಿದ್ದು ನಿಮ್ಮ ಪಕ್ಕದ ಆ ಗುಡ್ಡದಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿವೆ. ಬಳ್ಳಾರಿಯ ನಿಟ್ಟೂರು, ಉಡೇಗೋಳದಲ್ಲೂ ಇವೆ. ಪಠ್ಯಪುಸ್ತಕದವರು ಇಡೀ ರಾಜ್ಯಕ್ಕೆ ಬರೆಯುತ್ತಾರೆ, ಅವರಿಗೆ ಒಂದೆರಡು ಸಾಲಿಗಿಂತ ಜಾಸ್ತಿ ಜಾಗ ಇಲ್ಲ. ಉಳಿದದ್ದು ಜಿಲ್ಲೆಯ ಪೂರ್ತಿ ವಿವರ ಇರುವ ಸರ್ಕಾರಿ ಪುಸ್ತಕ, ಜಿಲ್ಲಾ ಗ್ಯಾಸೆಟಿಯರ್‌ನಲ್ಲಿದೆ, ಶಾಸನಗಳ ಪುಸ್ತಕಗಳಲ್ಲಿದೆ. ಅವು ಲೈಬ್ರರಿಯ ಮೇಲಿನ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುತ್ತವೆ. ನಮ್ಮ ಮಕ್ಕಳು ಪಾಟಲೀಪುತ್ರ ಬಾಯಿಪಾಠ ಮಾಡುತ್ತಾರೆ, ಮಸ್ಕಿ ಅಂದರೆ ಬಸ್ ಸ್ಟ್ಯಾಂಡ್ ಅಂದುಕೊಂಡಿದ್ದಾರೆ. ನನಗೆ ಇದು ತುಂಬಾ ಸಂಕಟದ ವಿಷಯ.

ಮೊಬೈಲ್ ಇದೆಯಲ್ಲ, ಅದರಲ್ಲೇ ನೋಡಲಿ ಅನ್ನುವವರೂ ಇದ್ದಾರೆ. ಹಳ್ಳಿ ಮನೆಯಲ್ಲಿ ಮೊಬೈಲ್ ಇರುವುದು ಅಪ್ಪನ ಅಂಗಿ ಜೇಬಿನಲ್ಲಿ. ಅಪ್ಪ ಇರುವುದು ಹೊಲದಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ.

ಗುಳೆ ಹೋದವರ ಮಕ್ಕಳ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೀಪಾವಳಿ ಆಯಿತು ಅಂದರೆ ಹಾಜರಿ ಪುಸ್ತಕ ಬಡವಾಗುತ್ತದೆ. ಅಜ್ಜಿ ಹತ್ತಿರ ಬಿಟ್ಟು ಹೋದ ಮಗು ಸಂಜೆ ಐದರ ಮೇಲೆ ಎಲ್ಲಿಗೆ ಹೋಗಬೇಕು? ಬಳ್ಳಾರಿಯ ಒಂದು ಓಣಿಯಲ್ಲಿ ನಾನು ಕಂಡ ಹತ್ತನೇ ಕ್ಲಾಸಿನ ಹುಡುಗಿಯ ಮನೆ ಒಂದೇ ಕೋಣೆ. ಅದರ ಅರ್ಧ ಜೀನ್ಸ್ ಪ್ಯಾಂಟಿನ ರಾಶಿ. ತಾಯಿ, ತಂಗಿ ಕೂತು ದಾರ ಕತ್ತರಿಸುತ್ತಾರೆ. ನೀಲಿ ದೂಳು ನೋಟ್‌ಬುಕ್ಕಿನ ಮೇಲೂ ಕೂತಿರುತ್ತದೆ. ಆ ಹುಡುಗಿ ಶಾಲೆ ಬಿಟ್ಟ ಮೇಲೆ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಎರಡು ತಾಸು ಕೂರುತ್ತಿದ್ದಳು. ಹೊಸ ಪುಸ್ತಕಕ್ಕಾಗಿ ಅಲ್ಲ. ಒಂದು ಟೇಬಲ್, ಒಂದು ಟ್ಯೂಬ್‌ಲೈಟ್, ಹಳೇ ಪ್ರಶ್ನೆಪತ್ರಿಕೆಗಳು, ಕನ್ನಡ-ಇಂಗ್ಲಿಷ್ ನಿಘಂಟು. ಅವಳ ವಿಜ್ಞಾನದ ಟೀಚರಿಗೆ ಅವಳು ಪಾಸಾದದ್ದು ಆಶ್ಚರ್ಯ ಆಯಿತಂತೆ. ಆ ಟೇಬಲ್ ನೋಡಿದ್ದ ನನಗೆ ಆಗಲಿಲ್ಲ. ಲೈಬ್ರರಿ ನಿಮಗೆ ಮಾಡುವ ಸಹಾಯದಲ್ಲಿ ಇದೂ ಸೇರಿದೆ ಅಕ್ಕೋರೆ. ನಿಮ್ಮ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಅದು ನಿಮ್ಮ ಪಾಠವನ್ನೇ ಮುಂದುವರಿಸುತ್ತಿರುತ್ತದೆ.

ಇನ್ನು ‘ಪೇಪರು, ಗೈಡು ಬಿಟ್ಟರೆ ಏನಿಲ್ಲ’ ಅಂದಿರಿ. ಇದು ಮಾತ್ರ ನನ್ನ ಹೊಟ್ಟೆ ಉರಿಸುವ ವಿಷಯ. ನಮ್ಮ ಜಿಲ್ಲೆಗಳಿಗೆ ಲೈಬ್ರರಿ ಕಾನೂನು ಮೈಸೂರಿನವರಿಗಿಂತ ಮೊದಲೇ ಬಂದಿತ್ತು. ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿದ್ದಾಗ 1948ರಲ್ಲೇ ಅಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದವು, ಅಲ್ಲಿ 1955ರಲ್ಲಿ ಆಯಿತು. ನಮ್ಮ ಈಗಿನ ಕಾಯ್ದೆ 1965ರದು. ಮನೆ, ಜಾಗದ ತೆರಿಗೆ ಕಟ್ಟುವಾಗ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಅಂತ ಸೇರಿಸಿ ಕಟ್ಟುತ್ತೇವೆ. ಮನೆ ತೆರಿಗೆ ರಸೀದಿ ತೆಗೆದು ನೋಡಿ. ಅಂದರೆ ಆ ಕಪಾಟಿನ ಪುಸ್ತಕ ಯಾರ ಔದಾರ್ಯವೂ ಅಲ್ಲ, ನಿಮ್ಮದೇ ದುಡ್ಡು. ವಸೂಲಾದ ಕರ ಲೈಬ್ರರಿಗೆ ತಲುಪದೆ ಬಾಕಿ ಉಳಿಯುತ್ತದೆ ಅನ್ನುವ ದೂರು ವರ್ಷ ವರ್ಷವೂ ಕೇಳುತ್ತೇವೆ. ಬಂದ ದುಡ್ಡಿನಲ್ಲೂ ಕಟ್ಟಡಕ್ಕೆ ಸುಣ್ಣ ಬಣ್ಣ ಮೊದಲು, ಮಕ್ಕಳ ಪುಸ್ತಕ ಕೊನೆಗೆ.

ಕೆಲಸಕ್ಕೆ ತಯಾರಿ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಪಿಡಿಒ, ಪಿಎಸ್‌ಐ, ಟಿಇಟಿ ಅಂತ ಬೆಳಿಗ್ಗೆಯೇ ಬಂದು ಕುರ್ಚಿ ಹಿಡಿಯುವವರು ನಮ್ಮ ಮನೆ ಮಕ್ಕಳೇ. ಅವರಿಗೆ ಬೇರೆ ಜಾಗ ಇಲ್ಲ. ಆದರೆ ಶಾಲೆ ಬಿಟ್ಟ ಮೇಲಿನ ಎರಡು ತಾಸು ಒಂದು ಟೇಬಲ್ಲನ್ನಾದರೂ ಚಿಕ್ಕ ಮಕ್ಕಳಿಗೆ ಬಿಡಿ ಅಂತ ಕೇಳುವವರು ಬೇಕಲ್ವಾ? ಯಾರೂ ಕೇಳುವುದಿಲ್ಲ. 2002ರಲ್ಲಿ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾಗಿದ್ದು ನಮ್ಮ ಈ ಭಾಗದ ಜಿಲ್ಲೆಗಳಲ್ಲೇ. ನಮ್ಮ ಮಕ್ಕಳ ಹಸಿವು ದೊಡ್ಡದು ಅಂತ ಸರ್ಕಾರಕ್ಕೆ ಆಗ ಕಂಡಿತ್ತು. ಓದಿನ ಹಸಿವಿಗೂ ಹಾಗೇ ಮೊದಲ ಪಾಳಿ ನಮಗೇ ಬರಬೇಕಿತ್ತು. ಹತ್ತನೇ ಕ್ಲಾಸಿನ ಫಲಿತಾಂಶ ಬಂದ ದಿನ ‘ಹಿಂದುಳಿದ ಜಿಲ್ಲೆಗಳು’ ಅಂತ ಟಿವಿಯಲ್ಲಿ ತೋರಿಸುತ್ತಾರೆ. ಆ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಲೈಬ್ರರಿ ನೋಡಿಕೊಳ್ಳಲು ಎಷ್ಟು ಜನ ಇದ್ದಾರೆ ಅಂತ ಯಾರೂ ಕೇಳುವುದಿಲ್ಲ.

ಒಳ್ಳೆಯದೂ ಆಗಿದೆ, ಹೇಳದಿದ್ದರೆ ತಪ್ಪಾಗುತ್ತದೆ. 2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆಯಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಇರುತ್ತದೆ. ನಿಮ್ಮ ಶಾಲೆಯ ಎಷ್ಟು ಮಕ್ಕಳ ಹೆಸರು ಆ ರಿಜಿಸ್ಟರ್‌ನಲ್ಲಿದೆ ನೋಡಿದ್ದೀರಾ? ನಿಮ್ಮ ಹೆಸರು ಇದೆಯಾ? ಕೇಳಿದ್ದಕ್ಕೆ ಸಿಟ್ಟಾಗಬೇಡಿ. ಅಷ್ಟು ಉದ್ದದ ಪತ್ರ, ಅಷ್ಟು ದುಂಡಾದ ಅಕ್ಷರದಲ್ಲಿ ಬರೆದವರು ಓದುವವರೇ ಇರಬೇಕು. ಅದಕ್ಕೇ ಇಷ್ಟು ಸಲಿಗೆ.

ನಾನು ಹೇಳುವ ಕೆಲಸಕ್ಕೆ ಒಂದು ಪಿರಿಯಡ್ಡೂ ಬೇಡ. ಪ್ರತಿ ತಿಂಗಳ ಕೊನೆಗೆ ಅರ್ಧ ಹಾಳೆ ತಗೊಳ್ಳಿ. ಮುಂದಿನ ತಿಂಗಳು ಯಾವ ಪಾಠ ಬರುತ್ತದೆ ಬರೆಯಿರಿ. ಮೌರ್ಯರು, ಸಸ್ಯದ ಭಾಗಗಳು, ಭಿನ್ನರಾಶಿ, ಏನಿದೆಯೋ ಅದು. ಆ ಹಾಳೆ ಲೈಬ್ರರಿ ಮೇಲ್ವಿಚಾರಕರ ಕೈಗೆ ಕೊಡಿ. ಅವರಿಗೆ ಸಂಬಳ ಕಡಿಮೆ, ಕೆಲಸ ಗೊತ್ತಿರುವವರು ಕಡಿಮೆ, ಆದರೆ ಅವರನ್ನು ಶಿಕ್ಷಕರೊಬ್ಬರು ಹುಡುಕಿಕೊಂಡು ಬಂದು ‘ನಿಮ್ಮಿಂದ ನಮಗೆ ಇದು ಆಗಬೇಕು’ ಅಂದರೆ ಅವರು ಎದ್ದು ನಿಲ್ಲುವುದನ್ನು ನಾನು ಕಂಡಿದ್ದೇನೆ. ಹತ್ತು ಪುಸ್ತಕ ಆರಿಸಿ ಕಟ್ಟಿಡುತ್ತಾರೆ. ದೊಡ್ಡ ಹುಡುಗರಿಬ್ಬರು ಹೊತ್ತು ತರುತ್ತಾರೆ. ಅಲ್ಲಿ ಇಲ್ಲದ ಪುಸ್ತಕಗಳ ಹೆಸರನ್ನು ಅದೇ ಹಾಳೆಯ ಹಿಂದೆ ಬರೆದು, ನಕಲು ನನಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾವು ಹಾಕುತ್ತೇವೆ, ನಮ್ಮ ಓದುಗರಲ್ಲಿ ಯಾರಾದರೂ ಕೊಡಿಸುತ್ತಾರೆ.

ಅಲ್ಮಾರಿ ವಿಷಯ. ಪುಸ್ತಕ ಕಳೆಯುತ್ತದೆ, ಹರಿಯುತ್ತದೆ, ಒಂದೆರಡು ಪುಟಕ್ಕೆ ಸಾರು ಚೆಲ್ಲುತ್ತದೆ. ಹಂಚಿದ ಸೀಮೆಸುಣ್ಣ ಸವೆದರೆ ಯಾರೂ ಟೀಚರ್ ಸಂಬಳದಲ್ಲಿ ಹಿಡಿಯುವುದಿಲ್ಲ. ಮಕ್ಕಳು ಓದಿ ಹರಿದ ಪುಸ್ತಕಕ್ಕೆ ಯಾಕೆ ಹಿಡಿಯಬೇಕು? ಇದನ್ನು ಮೇಲಿನವರು ಒಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದು ಕಳಿಸಲಿ ಅಂತ ಈ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಅಲ್ಲಿಯವರೆಗೆ ನಿಮ್ಮ ಹೆಡ್ ಮಾಸ್ತರಿಗೆ ಈ ಪುಟ ತೋರಿಸಿ. ಒಂದು ಶನಿವಾರದ ಮಟ್ಟಿಗೆ ಬೀಗದ ಕೈ ಕೇಳಿ ಇಸಿದುಕೊಳ್ಳಿ. ಒಳಗೆ ಯಾವ ಯಾವ ಪುಸ್ತಕ ಇವೆ ಅಂತ ಮಕ್ಕಳ ಕೈಯಲ್ಲೇ ಪಟ್ಟಿ ಮಾಡಿಸಿ, ಆ ಪಟ್ಟಿಯನ್ನು ನನಗೆ ಬರೆದು ಕಳಿಸಿ.