ಉಪ್ಪಿನಕಾಯಿ ಜಾಡಿಗೆ ಎಷ್ಟು ದಿನ ಕಾವಲು?

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಹಾರ್ಟ್ ವೀಕಾಗಿದೆ, ಪಂಪಿಂಗ್ ಕಡಿಮೆ ಅಂತ ಡಾಕ್ಟರ್ ಹೇಳಿದ್ದಾರೆ. ಮಾತ್ರೆ, ನೀರು, ಉಪ್ಪು ಎಲ್ಲದರ ಲೆಕ್ಕ ನನ್ನದೇ. ಅವರು ಕಣ್ಣು ತಪ್ಪಿಸಿ ಉಪ್ಪಿನಕಾಯಿ ತಿನ್ನುತ್ತಾರೆ. ಹೋದ ವಾರ ಕಾಲು ಊದಿದ್ದನ್ನೂ ಹೇಳಲಿಲ್ಲ. ಕೇಳಿದರೆ ‘ನೀನು ಬಯ್ತೀಯಲ್ಲ’ ಅಂತಾರೆ. ದಿನಾ ಜಗಳ. ಏನು ಮಾಡಲಿ?
– ಒಬ್ಬ ಓದುಗರು, ತುಮಕೂರು

ಉತ್ತರ: ಊತ ಇನ್ನೂ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ಜಗಳ ಆಮೇಲೆ ಆಡಬಹುದು.

ನಿಮ್ಮ ಪತ್ರದಲ್ಲಿ ನನಗೆ ಭಯ ಆಗಿದ್ದು ಉಪ್ಪಿನಕಾಯಿಗಿಂತ ಆ ಮುಚ್ಚಿಟ್ಟ ಊತದ ವಿಷಯಕ್ಕೆ. ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಬೇಗ ಗೊತ್ತಾದರೆ ಎಷ್ಟೋ ಸಲ ಮಾತ್ರೆ ಬದಲಾಯಿಸಿದರೇ ಸಾಕಾಗುತ್ತದೆ, ತಡವಾದರೆ ಅಡ್ಮಿಟ್ ಆಗಬೇಕಾಗುತ್ತದೆ. ಬೈಗುಳಕ್ಕೆ ಹೆದರಿ ಅವರು ಬಾಯಿ ಬಿಡದಿದ್ದರೆ ನಿಮ್ಮ ಕಾವಲಿನಿಂದ ಏನು ಬಂತು ಹೇಳಿ? ನಿಮ್ಮ ಕಾಳಜಿ ಸುಳ್ಳಲ್ಲ, ಆದರೆ ಕಾಯಿಲೆಯ ಯಜಮಾನಿಕೆಯನ್ನೂ ನೀವೇ ತೆಗೆದುಕೊಂಡುಬಿಟ್ಟಿದ್ದೀರಿ.

ಮೈಯಲ್ಲಿ ನೀರು ನಿಂತರೆ ತೂಕ ಏರುತ್ತದೆ. ಆ ತೂಕ ನೋಡುವ ಕೆಲಸ ಅವರಿಗೇ ಬಿಡಿ. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿಕೊಂಡು ಕ್ಯಾಲೆಂಡರಿನಲ್ಲಿ ಅವರೇ ಬರೆಯಲಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಡಾಕ್ಟರಿಗೆ ಫೋನ್ ಮಾಡುವುದೂ ಅವರೇ. ಏರಿತು ಅಂತ ನೀವು ಬಯ್ಯುವಂತಿಲ್ಲ, ಅಷ್ಟೇ ಷರತ್ತು.

ನೀವು ನೋಡಬೇಕಾದ್ದು ರಾತ್ರಿ ಹೊತ್ತು. ಇನ್ನೊಂದು ದಿಂಬು ಬೇಕು ಅಂತಾರಾ, ಮಲಗಿದರೆ ಕೆಮ್ಮು ಬರುತ್ತದಾ, ನೀರು ನಿಲ್ಲುವ ಈ ಲಕ್ಷಣಗಳೆಲ್ಲ ಪಕ್ಕದಲ್ಲಿ ಮಲಗಿದವರಿಗೇ ಮೊದಲು ಗೊತ್ತಾಗುವುದು. ಉಸಿರು ಕಟ್ಟಿ ಎದ್ದು ಕೂತರೆ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ಅಡುಗೆ. ಎಲ್ಲರಿಗೂ ರುಚಿಯಾದ ಹುಳಿ ಮಾಡಿ ಅವರೊಬ್ಬರಿಗೆ ಸಪ್ಪೆ ಬಡಿಸಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಅನ್ನುವುದು ಆರೋಗ್ಯವಂತರಿಗೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಾತು. ಮನೆಗೆಲ್ಲ ಒಂದೇ ಸಾರು ಮಾಡಿ, ಮೆಣಸು, ನಿಂಬೆಹಣ್ಣು, ಕೊತ್ತಂಬರಿ ಸ್ವಲ್ಪ ಜಾಸ್ತಿ ಹಾಕಿ. ‘ಸೋಡಿಯಂ ಕಡಿಮೆ’ ಅಂತ ಮಾರುವ ಉಪ್ಪನ್ನು ಮಾತ್ರ ಕೇಳದೆ ತರಬೇಡಿ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ, ಹಾರ್ಟಿನ ಕೆಲವು ಮಾತ್ರೆಗಳ ಜೊತೆ ಅದು ಅಪಾಯ. ಮೆಡಿಕಲ್ ಶಾಪಿನಿಂದ ಮಂಡಿನೋವಿಗೆ ಅಂತ ಸುಮ್ನೆ ಮಾತ್ರೆ ತರುವುದೂ ಬೇಡ, ಅಂಥ ಎಷ್ಟೋ ಮಾತ್ರೆಗಳಿಂದ ಮೈಯಲ್ಲಿ ನೀರು ಇನ್ನೂ ನಿಲ್ಲುತ್ತದೆ.

ಮುಂದಿನ ಚೆಕಪ್ಪಿಗೆ ಇಬ್ಬರೂ ಹೋಗಿ. ‘ಹೇಗಿದ್ದೀರಿ’ ಅಂತ ಡಾಕ್ಟರ್ ಕೇಳಿದಾಗ ಉತ್ತರ ಅವರೇ ಕೊಡಲಿ, ನೀವು ಗಮನಿಸಿದ್ದನ್ನು ಆಮೇಲೆ ಸೇರಿಸಿ. ದಿನಕ್ಕೆ ಎಷ್ಟು ನೀರು ಅನ್ನುವ ನಿಮ್ಮಿಬ್ಬರ ವಾದವನ್ನೂ ಅಲ್ಲೇ, ಡಾಕ್ಟರ್ ಮುಂದೆಯೇ ಬಗೆಹರಿಸಿಕೊಳ್ಳಿ.