ರುದ್ರನಾಟಕದಲ್ಲಿ ನಾಯಕ ಸಾಯಲೇಬೇಕೇ?

ಪ್ರಶ್ನೆ: ಗ್ರೀಕರು ರುದ್ರನಾಟಕವನ್ನು 'ಹೋತದ ಹಾಡು' ಎಂದು ಕರೆಯುತ್ತಿದ್ದರಂತೆ. ಹೋತಕ್ಕೂ ನಾಟಕಕ್ಕೂ ಏನು ಸಂಬಂಧ? ನಾಯಕ ಕೊನೆಯಲ್ಲಿ ಸಾಯಲೇಬೇಕೆಂಬ ನಿಯಮವಿದ್ದ ಮೇಲೆ ಆ ಸಾವನ್ನು ರಂಗದ ಮೇಲೆ ತೋರಿಸುತ್ತಿರಲಿಲ್ಲವೇಕೆ?

ಉತ್ತರ: 'ತ್ರಾಗೋಸ್' ಎಂದರೆ ಹೋತ, 'ಓಡೆ' ಎಂದರೆ ಹಾಡು, ಎರಡೂ ಸೇರಿ 'ತ್ರಾಗೋಡಿಯಾ' ಆಯಿತು. ಆದರೆ ಆ ಹೋತ ಸ್ಪರ್ಧೆಯಲ್ಲಿ ಗೆದ್ದವನ ಬಹುಮಾನವೋ, ಡಯೋನೈಸಸ್ ದೇವರಿಗೆ ಕೊಟ್ಟ ಬಲಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅರಿಸ್ಟಾಟಲ್ ಮಾತ್ರ ಹೋತದ ಗೊಡವೆಗೇ ಹೋಗದೆ, ಡಿಥಿರಾಂಬ್ ಎಂಬ ಮೇಳಗೀತವನ್ನು ಮುನ್ನಡೆಸುತ್ತಿದ್ದವರಿಂದ ಈ ನಾಟಕ ಹುಟ್ಟಿತೆಂದು ಹೇಳಿದ್ದಾನೆ. ನನಗೆ ಇದೇ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಉಳಿದು ಬಂದಿರುವ ನಾಟಕಗಳಲ್ಲಿ ಮೇಳವೇ ಹಳೆಯ ಬುನಾದಿಯಂತೆ ಕಾಣುತ್ತದೆ. ಮೇಳದಿಂದ ಬೇರೆಯಾಗಿ ನಿಂತ ಮೊದಲ ನಟ ಥೆಸ್ಪಿಸ್ ಎಂಬುದು ಪರಂಪರೆಯ ಮಾತು. ಅವನ ಕಾಲ ಸುಮಾರು ಕ್ರಿ.ಪೂ. 534. ಎರಡನೆಯ ನಟನನ್ನು ನಾಟಕಕಾರ ಈಸ್ಕಿಲಸ್ ತಂದ, ಮೂರನೆಯವನನ್ನು ಇನ್ನೊಬ್ಬ ನಾಟಕಕಾರ ಸೊಫೊಕ್ಲಿಸ್ ತಂದ. ಮುಂದೆ ಮಾತಿನ ಪಾತ್ರಗಳು ಎಷ್ಟೇ ಇರಲಿ, ಆ ಮೂವರೇ ಮುಖವಾಡ ಬದಲಿಸಿಕೊಂಡು ನಿರ್ವಹಿಸುತ್ತಿದ್ದರು.

ಸಾವನ್ನು ತೋರಿಸಬಾರದೆಂಬ ಲಿಖಿತ ನಿಯಮವೇನೂ ನಮಗೆ ಸಿಕ್ಕಿಲ್ಲ, ಅದೊಂದು ರೂಢಿ. ಇದು ರಕ್ತಕ್ಕೆ ಹೇಸಿದ್ದರಿಂದ ಬಂದ ರೂಢಿಯೂ ಅಲ್ಲ, ಏಕೆಂದರೆ ಒಳಗೆ ಕೊಲೆಯಾದ ಮೇಲೆ ಶವಗಳನ್ನು ಗಾಲಿಯ ಹಲಗೆಯೊಂದರ ಮೇಲಿಟ್ಟು ಪ್ರೇಕ್ಷಕರ ಮುಂದಕ್ಕೆ ಉರುಳಿಸಿ ತರುತ್ತಿದ್ದರು. ಮರೆಯಾಗುತ್ತಿದ್ದುದು ಏಟು ಬೀಳುವ ಗಳಿಗೆ ಮಾತ್ರ. ಕ್ರಿ.ಪೂ. 458ರಲ್ಲಿ ಪ್ರದರ್ಶನಗೊಂಡ ಈಸ್ಕಿಲಸ್‌ನ 'ಅಗಮೆಮ್ನಾನ್' ನಾಟಕದಲ್ಲಿ ಅರಮನೆಯೊಳಗಿಂದ ದೊರೆಯ ಚೀತ್ಕಾರ ಕೇಳಿಬರುತ್ತದೆ. ಹೊರಗೆ ನಿಂತ ಮೇಳದ ಮುದುಕರು ಒಳನುಗ್ಗುವುದೋ ಬೇಡವೋ ಎಂದು ಒಬ್ಬರಾದ ಮೇಲೊಬ್ಬರು ಸಲಹೆ ಕೊಡುತ್ತಲೇ ಇರುತ್ತಾರೆ, ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಕತ್ತಿಯನ್ನು ಕಣ್ಣಾರೆ ಕಂಡಿದ್ದರೆ ಪ್ರೇಕ್ಷಕನಿಗೆ ಆ ಅಸಹಾಯಕತೆ ತಟ್ಟುತ್ತಿತ್ತೆಂದು ನನಗನ್ನಿಸುವುದಿಲ್ಲ. ಮಿಕ್ಕ ಕಡೆ ಈ ಕೆಲಸ ದೂತನದು: ಸೊಫೊಕ್ಲಿಸ್‌ನ ನಾಟಕದಲ್ಲಿ ದೊರೆ ಈಡಿಪಸ್ ತನ್ನ ಕಣ್ಣುಗಳನ್ನು ಚುಚ್ಚಿಕೊಂಡದ್ದನ್ನು ನಾವು ಮೊದಲು ದೂತನ ಬಾಯಲ್ಲಿ ಕೇಳುತ್ತೇವೆ, ಆಮೇಲಷ್ಟೇ ಅವನನ್ನು ನೋಡುತ್ತೇವೆ.

ಆ ಈಡಿಪಸ್ ನಾಟಕದ ಕೊನೆಗೂ ಬದುಕಿಯೇ ಇರುತ್ತಾನೆ ಎಂಬುದನ್ನು ಗಮನಿಸಿ. ನಾಯಕ ಸಾಯಲೇಬೇಕೆಂಬ ನಿಯಮ ಗ್ರೀಕರಲ್ಲಿ ಇರಲಿಲ್ಲ. ರುದ್ರನಾಟಕಕ್ಕೆ ನಾವು ಬಳಸುವ 'ದುರಂತ' ಎಂಬ ಪದವೇ ಈ ತಪ್ಪು ಕಲ್ಪನೆಗೆ ಅರ್ಧ ಕಾರಣವಿರಬೇಕು. ಅಗಮೆಮ್ನಾನನ ಕಥೆಯನ್ನು ಮುಂದುವರಿಸುವ ನಾಟಕತ್ರಯದ ಕೊನೆಯಲ್ಲಿ, ತಾಯಿಯನ್ನು ಕೊಂದ ಅವನ ಮಗ ಒರೆಸ್ಟಿಸ್ ವಿಚಾರಣೆಯಲ್ಲಿ ತೀರ್ಪುಗಾರರ ಮತಗಳು ಸಮವಾಗಿ ಬಿದ್ದ ಕಾರಣ ಖುಲಾಸೆಯಾಗುತ್ತಾನೆ. ಯೂರಿಪಿಡಿಸ್‌ನ ನಾಟಕವೊಂದರಲ್ಲಿ, ಬಲಿಗೆ ಅಣಿಗೊಳಿಸಬೇಕಾದ ಪರದೇಶಿಯೇ ತನ್ನ ತಮ್ಮ ಒರೆಸ್ಟಿಸ್ ಎಂದು ಅರ್ಚಕಿ ಇಫಿಜೀನಿಯಾಗೆ ಸಕಾಲದಲ್ಲಿ ತಿಳಿದು ಇಬ್ಬರೂ ಪಾರಾಗುತ್ತಾರೆ. ಅರಿಸ್ಟಾಟಲ್ 'ಕಾವ್ಯಮೀಮಾಂಸೆ'ಯ 13ನೆಯ ಅಧ್ಯಾಯದಲ್ಲಿ ಸುಖದಿಂದ ದುಃಖಕ್ಕೆ ಇಳಿಯುವ ಕಥೆಯೇ ಶ್ರೇಷ್ಠವೆಂದು ಹೇಳಿ, ಮರು ಅಧ್ಯಾಯದಲ್ಲೇ ಇಂಥ ತಪ್ಪಿದ ಕೊಲೆಗೆ ಅಗ್ರಸ್ಥಾನ ಕೊಡುತ್ತಾನೆ. ಈ ಎರಡು ಮಾತುಗಳನ್ನು ಹೊಂದಿಸಲು ವಿದ್ವಾಂಸರು ಇಂದಿಗೂ ಹೆಣಗುತ್ತಿದ್ದಾರೆ.